ನಡೆದದ್ದನ್ನು ಬರೆದವರು, ಅಚ್ಚು ಹಾಕಿದವರು

ಕ್ರಿಯೇಟಿವ್ ನಾನ್‌ಫಿಕ್ಷನ್ (ನಡೆದದ್ದನ್ನು ಕಥೆಯಂತೆ ಹೇಳುವ ಬರಹ) ಕನ್ನಡಕ್ಕೆ ಈಗಷ್ಟೇ ಬಂದಿಳಿದಿದೆ ಎಂಬ ಮಾತು ವಿಚಾರಸಂಕಿರಣಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತಿದೆ. ಹೇಳುವವರು ‘ಹಗಲುಗನಸುಗಳು’, ‘ಹಸುರು ಹೊನ್ನು’ ಓದದವರೇನಲ್ಲ. ಆದರೆ ಪುಸ್ತಕವಾದ ಮೇಲೆ ಓದಿದವರು. ಇಂಥ ಬರಹಕ್ಕೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಪುಟ ಬಿಟ್ಟುಕೊಟ್ಟ ಪತ್ರಿಕೆಗಳ ಕಡೆ ಅವರ ಕಣ್ಣು ಹೋಗಿಲ್ಲ. ನಮ್ಮಲ್ಲಿ ಪ್ರಬಂಧದ ಚರಿತ್ರೆಯೆಂದರೆ ಲೇಖಕರ ಪಟ್ಟಿ; ಸಂಪಾದಕರಿಗೆ ಅದರ ಅಡಿಟಿಪ್ಪಣಿಯಲ್ಲೂ ಜಾಗವಿಲ್ಲ.

ಮೊದಲ ಘಟ್ಟ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟು ಬಂದಿದೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರತಂದ ‘ಪ್ರಬುದ್ಧ ಕರ್ನಾಟಕ’, ಆಮೇಲೆ ಮಾಸ್ತಿಯವರು ವರ್ಷಗಟ್ಟಲೆ ನಡೆಸಿದ ‘ಜೀವನ’. ಈ ನಡುವೆ 1930ರಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’, 1937ರಲ್ಲಿ ಮೂರ್ತಿರಾಯರ ‘ಹಗಲುಗನಸುಗಳು’. 1942ರಲ್ಲಿ ಡಾಕ್ಟರ್ ರಾಶಿ ‘ಕೊರವಂಜಿ’ ಶುರುಮಾಡಿ ಕಾಲು ಶತಮಾನ ನಡೆಸಿದರು. ಅಡುಗೆಮನೆ, ನೆಂಟರು, ಗಂಡನ ಸಂಬಳ ಎಲ್ಲವನ್ನೂ ಟಿ. ಸುನಂದಮ್ಮ ಅದರಲ್ಲಿ ಬರೆದರು. ಅದಕ್ಕೆ ಹಾಸ್ಯವೆಂಬ ಚೀಟಿ ಅಂಟಿಸಿ ಬದಿಗಿಟ್ಟದ್ದಾಯಿತು. ನಗಿಸಿದ ಹೆಂಗಸನ್ನು ಗಂಭೀರವಾಗಿ ಓದುವುದು ನಮ್ಮ ವಿಮರ್ಶೆಗೆ ಇವತ್ತಿಗೂ ಕಷ್ಟವೇ.

1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯನ್ನು ರೀಡರ್ಸ್ ಡೈಜೆಸ್ಟಿನ ನಕಲೆಂದು ಮೂಗುಮುರಿದವರುಂಟು. ಮಾದರಿ ಅಲ್ಲಿಯದೇ, ನಿಜ. ಆದರೆ ಸಂಪಾದಕ ಪಾವೆಂ ಆಚಾರ್ಯರ ಕತ್ತರಿ ಕನ್ನಡದ್ದು. ನಡೆದ ಸಂಗತಿಯನ್ನೂ ಕಥೆಯ ಓಟದಲ್ಲಿ ಹೇಳಬಹುದೆಂದು ಬಸ್‌ಸ್ಟ್ಯಾಂಡಿನ ಓದುಗನಿಗೆ ತೋರಿಸಿಕೊಟ್ಟದ್ದು ಆ ಕತ್ತರಿ. ನವ್ಯದ ಪತ್ರಿಕೆಗಳು, ಅಂದರೆ ಅಡಿಗರ ‘ಸಾಕ್ಷಿ’, ಧಾರವಾಡದ ‘ಸಂಕ್ರಮಣ’, ಕವಿತೆ, ಕಥೆ, ವಿಮರ್ಶೆಗಳಲ್ಲಿ ಮುಳುಗಿದ್ದವು. ಪ್ರಬಂಧ ಅಲ್ಲಿ ಪಂಕ್ತಿಯ ಕೊನೆಯ ಎಲೆ.

ನಮ್ಮ ಪೀಳಿಗೆಗೆ ಗದ್ಯ ಕಲಿಸಿದ್ದು ವಿಶ್ವವಿದ್ಯಾಲಯವಲ್ಲ, 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’. ಅದರ ಲೆಕ್ಕಾಚಾರವನ್ನೇ ನೋಡಿ: ಜಾಹೀರಾತು ಇಲ್ಲ, ಮಾರಾಟವಾದ ಪ್ರತಿಯ ದುಡ್ಡೇ ಆದಾಯ. ಓದಿಸಿಕೊಳ್ಳದ ಪುಟವನ್ನು ಸಾಕುವ ಶಕ್ತಿ ಅಂಥ ಪತ್ರಿಕೆಗೆ ಇರುವುದಿಲ್ಲ. ಹಾಗಾಗಿ ಜಿಲ್ಲೆಯ ವರದಿಯಲ್ಲೂ ಮನುಷ್ಯರು ಬಂದರು, ಅವರ ಮಾತಿನ ವರಸೆ ಬಂತು, ಊರಿನ ಧೂಳು ಬಂತು. ‘ಟೀಕೆ ಟಿಪ್ಪಣಿ’ ಅಂಕಣದಲ್ಲಿ ಲಂಕೇಶರು ಯಾರೋ ಒಬ್ಬರ ನೆನಪಿನಿಂದ ಹೊರಟು ಇಡೀ ನಾಡಿನ ರಾಜಕೀಯಕ್ಕೆ ತಲುಪುತ್ತಿದ್ದರು. ಅದಕ್ಕಿಂತ ದೊಡ್ಡದು, ಬರೆಯಬೇಕಾದವರನ್ನು ಹುಡುಕಿ ಬರೆಸಿದ್ದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಬಾನು ಮುಷ್ತಾಕ್ ಅದಕ್ಕೆ ವರದಿಗಾರ್ತಿಯಾಗಿದ್ದರು. ತೇಜಸ್ವಿಯವರ ಗದ್ಯಕ್ಕೂ ಅದು ಮನೆಯಾಗಿತ್ತು. ತೀರ್ಪು ಕೊಡುವ ಅವಸರ ಪತ್ರಿಕೆಗೆ ಇತ್ತು, ಸಣ್ಣ ದ್ವೇಷಗಳೂ ಇದ್ದವು. ಆದರೂ ವರದಿಗೂ ಪ್ರಬಂಧಕ್ಕೂ ನಡುವಿನ ಗೋಡೆ ಕೆಡವಿದ್ದು ಈ ಶಾಲೆಯೇ. ಇದೆಲ್ಲ ಆಗಿ ವರ್ಷಗಳ ಮೇಲೆ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲೀ ಗುಟ್‌ಕೈಂಡ್ ‘ಕ್ರಿಯೇಟಿವ್ ನಾನ್‌ಫಿಕ್ಷನ್’ ಪತ್ರಿಕೆಯ ಮೊದಲ ಸಂಚಿಕೆ ತಂದದ್ದು 1994ರಲ್ಲಿ. ಅದೇ ವರ್ಷ ಇಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂತು, ಹಿಂದೆಯೇ ಸಿದ್ಧಲಿಂಗಯ್ಯನವರ ‘ಊರುಕೇರಿ’. ಇವೆರಡನ್ನೂ ಸಮಾಜಶಾಸ್ತ್ರದ ಪುರಾವೆಯಾಗಿ ಓದಿದವರು ಬಹಳ. ಹಸಿವಿನ ಪ್ರಸಂಗದಲ್ಲೂ ನಗಿಸುವ ಸಿದ್ಧಲಿಂಗಯ್ಯನವರ ಕುಶಲತೆಯ ಬಗ್ಗೆ ಬರೆದವರು ಕಡಿಮೆ.

ಪಿಟ್ಸ್‌ಬರ್ಗ್‌ನಿಂದ ಕಲಿಯುವುದೇನೂ ಇಲ್ಲ ಎನ್ನುತ್ತಿಲ್ಲ. ಹೆಸರು ಅವರದೇ ಇರಲಿ. ನಮಗೆ ಬೇಕಿರುವುದು ಸಂಪಾದಕರ ಮೇಜಿನ ಕೆಲಸ. ಇದು ನಡೆದದ್ದೇ? ಆ ದಿನ ಮಳೆ ಬಂದಿತ್ತೇ? ಹೆಸರು ಹಾಕಿದ ಸೋದರತ್ತೆಗೆ ಈ ಬರಹದ ಸುದ್ದಿ ಗೊತ್ತೇ? ಕೈಗೆ ಬರುವ ಹಸ್ತಪ್ರತಿಗಳಲ್ಲಿ ಅಜ್ಜಿಯರು ಕೊನೆಯ ಪ್ಯಾರಾಕ್ಕೆ ಸರಿಯಾಗಿ ತೀರಿಕೊಳ್ಳುತ್ತಾರೆ. ಫೋನು ಮಾಡಿ ಕೇಳಿದರೆ ಅಜ್ಜಿ ಆಮೇಲೂ ಆರು ವರ್ಷ ಇದ್ದರೆಂದು ತಿಳಿಯುತ್ತದೆ. ಆ ಆರು ವರ್ಷವನ್ನು ಬರೆಸುವುದೇ ಸಂಪಾದಕನ ಕೆಲಸ. ಅದಕ್ಕೆ ಬಿಡುವು ಬೇಕು. ಸಣ್ಣ ಪತ್ರಿಕೆಯಲ್ಲಿ ಸಂಪಾದಕನೇ ಕರಡು ತಿದ್ದಬೇಕು, ಚಂದಾ ಮುಗಿದವರಿಗೆ ಕಾಗದ ಹಾಕಬೇಕು, ವಿಳಾಸದ ಚೀಟಿ ಅಂಟಿಸಬೇಕು. ಗೊತ್ತುಮಾಡಿದ ತಾರೀಕಿಗೆ, ಗೊತ್ತುಮಾಡಿದ ಅಂಚೆ ಕಚೇರಿಯಲ್ಲಿ ಹಾಕಿದರಷ್ಟೇ ಅಂಚೆಯ ರಿಯಾಯಿತಿ. ಆ ತಾರೀಕು ಹತ್ತಿರ ಬಂದಂತೆ ಅಜ್ಜಿಯನ್ನು ಬದುಕಿಸುವ ಉತ್ಸಾಹ ಇಳಿಯುತ್ತದೆ.

ವಿವೇಕ ಶಾನಭಾಗರ ತ್ರೈಮಾಸಿಕ ‘ದೇಶ ಕಾಲ’ 2005ರಿಂದ ಏಳು ವರ್ಷ ನಡೆಯಿತು. ಉದ್ದದ ಗದ್ಯಕ್ಕೆ ಅಂಜದ, ಅಚ್ಚುಕಟ್ಟಾಗಿ ತಿದ್ದಿದ ಪುಟಗಳು ಅದರವು. ಅದು ನಿಂತಾಗ ಮರುಗಿದವರಲ್ಲಿ ಚಂದಾದಾರರಲ್ಲದವರೂ ಬಹಳ ಇದ್ದರು. ನಡೆದದ್ದನ್ನು ಕಥೆಯಂತೆ ಹೇಳುವ ಬರಹಕ್ಕೇ ಪೂರ್ತಿ ಮೀಸಲಾಗಿ ನೆಲೆನಿಂತ ಪತ್ರಿಕೆಯನ್ನು ನಾನಂತೂ ಕನ್ನಡದಲ್ಲಿ ಕಂಡಿಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದಲ್ಲಿ ಲಲಿತ ಪ್ರಬಂಧ, ಪ್ರವಾಸ ಸಾಹಿತ್ಯ, ಆತ್ಮಕಥೆ ಬೇರೆ ಬೇರೆ ಖಾನೆ. ಕಾಡು ಸುತ್ತುತ್ತಾ, ಗಿಡ ಗುರುತಿಸುತ್ತಾ, ವಿದ್ಯಾರ್ಥಿಗಳ ತಮಾಷೆ ಹೇಳುತ್ತಾ, ನಡುವೆ ತಾನೇ ಬರೆದ ಚಿತ್ರಗಳನ್ನೂ ಇಡುವ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇವತ್ತು ಬಂದಿದ್ದರೆ ಯಾವ ಖಾನೆಗೆ ಹಾಕುತ್ತಿದ್ದರೋ. ಭಾನುವಾರದ ಪುರವಣಿಗೆ ಸಾವಿರ ಪದ ದಾಟಿದರೆ ಭಾರ. ಬೀದರಿನ ಶಿಕ್ಷಕಿಯೋ ಕುಂದಾಪುರದ ಹೋಟೆಲ್ ಕೆಲಸಗಾರನೋ ಐದು ಸಾವಿರ ಪದ ಬರೆದರೆ ಕಳಿಸುವುದೆಲ್ಲಿಗೆ? ಕೈಯಿಂದ ದುಡ್ಡು ಹಾಕಿ ಮುನ್ನೂರು ಪ್ರತಿ ಪುಸ್ತಕ ಮಾಡಿಸಿಕೊಳ್ಳುತ್ತಾರೆ. ಅಚ್ಚಿಗೆ ಹೋಗುವ ಮುಂಚೆ ಡಿಟಿಪಿಯವರನ್ನು ಬಿಟ್ಟರೆ ಅದನ್ನು ಇನ್ನೊಬ್ಬರು ಓದಿರುವುದಿಲ್ಲ.