ಚಿದಂಬರ ರಹಸ್ಯ (ಕಾದಂಬರಿ)

ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ (1938–2007) ಕಾದಂಬರಿ. ಪ್ರಕಟಣೆ 1985, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1987. ಕಥೆ ನಡೆಯುವುದು ಮಲೆನಾಡಿನ ಕೆಸರೂರಿನಲ್ಲಿ.

ಕೃಷ್ಣೇಗೌಡರ ಮನೆಯ ಮೇಲೆ ಎಲ್ಲಿಂದಲೋ ಕಲ್ಲು ಬೀಳತೊಡಗುತ್ತವೆ. ಊರಿಗೆ ದೆವ್ವದ ಗುಮಾನಿ. ಇತ್ತ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ಜಾಡು ಹಿಡಿದು ಗುಪ್ತಚರ ಅಧಿಕಾರಿ ಅಂಗಡಿ ಬರುತ್ತಾನೆ. ಓದುಗ ನಗುತ್ತಲೇ ಇರುತ್ತಾನೆ. ಅಷ್ಟರಲ್ಲಿ ಜಾತಿ, ಮತಗಳ ದ್ವೇಷ ಹೊಗೆಯಾಡಿ, ಕೊನೆಗೆ ಕಾಡಿಗೇ ಬೆಂಕಿ ಬೀಳುತ್ತದೆ. ಇಲ್ಲಿ ದೆವ್ವಕ್ಕಿಂತ ಮನುಷ್ಯರೇ ಹೆಚ್ಚು ಭಯ ಹುಟ್ಟಿಸುತ್ತಾರೆ.

ಇಂಥ ಗುಮಾನಿಗಳು ಆ ಕಾಲದ ಸಾರ್ವಜನಿಕ ಚರ್ಚೆಯ ವಸ್ತುವೂ ಆಗಿದ್ದವು. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ್ದರು.