ಒಂದು ಪಿಚ್ ಉದ್ದದ ಕಾನೂನು

1/8
ಕ್ರಿಕೆಟ್ ಪಿಚ್ ಎಷ್ಟುದ್ದ? 22 ಗಜ ಅಂತ ನಿದ್ದೆಗಣ್ಣಲ್ಲೂ ಹೇಳ್ತೀರ. ಮೀಟರ್ ಲೆಕ್ಕದಲ್ಲಿ 20.12. ಸುಮಾರಾಗಿ ನೀವು ಒಂದು ಸಿಂಗಲ್ ಓಡುವಷ್ಟು ದೂರ.

ಕ್ರಿಕೆಟ್ ಹುಟ್ಟಿದ ದೇಶದಲ್ಲಿ, 2013ರಿಂದ, ಹೆಚ್ಚುಕಡಿಮೆ ಇದೇ ದೂರ ಒಬ್ಬ ವಿಕಲಚೇತನ ವ್ಯಕ್ತಿಯ ಮನೆಮುಂದೆ ಕಾರು ಇರಬೇಕಾ ಬೇಡವಾ ಅಂತ ತೀರ್ಮಾನ ಮಾಡ್ತಿದೆ. 20 ಮೀಟರ್ ದಾಟಿ ನಡೆದರೆ ಪೂರ್ತಿ ಭತ್ಯೆ ಇಲ್ಲ.

ಈ ಸಲದ ಸರಣಿ ಆ 20 ಮೀಟರ್‌ನ ಇತಿಹಾಸ. ಬ್ರಿಟನ್ ಕಥೆ ನಿನಗ್ಯಾಕಪ್ಪಾ ಅಂತ ಕೇಳಿದ್ರೆ, ಕಾರಣ ನಮ್ಮ ಸೋದರಮಾವ. ಅವರ ವಿಷಯ ಕೊನೇ ಪೋಸ್ಟ್‌ನಲ್ಲಿ. ಅಲ್ಲಿವರೆಗೂ ಜೊತೆಗಿರಿ.

2/8
ಶುರು ಮಾಡೋಣ ಒಂದು ನೀಲಿ ಗಾಡಿಯಿಂದ.

ಬರ್ಟ್ ಗ್ರೀವ್ಸ್ ಅಂತ ಒಬ್ಬ ಇಂಜಿನಿಯರ್, ನಡೆಯಲಾಗದ ತನ್ನ ಸಂಬಂಧಿಯ ಗಾಲಿಕುರ್ಚಿಗೆ ಇಂಜಿನ್ ಕೂರಿಸಿದ. ಅದೇ ಮುಂದೆ 'ಇನ್ವಾಕಾರ್' ಕಂಪನಿ ಆಯ್ತು. ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ಇಂಥ ಮೂರು ಚಕ್ರದ ಗಾಡಿಗಳನ್ನ ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆ, ಆಮೇಲೆ ಬೇರೆ ವಿಕಲಚೇತನರಿಗೂ ಕೊಡ್ತಾ ಬಂತು. ತಿಳಿ ನೀಲಿ ಬಣ್ಣ, ಒಂದೇ ಸೀಟು.

ಆ ಒಂದೇ ಸೀಟಲ್ಲೇ ಇತ್ತು ನೋಡಿ ಸಮಸ್ಯೆ. ಒಬ್ಬ ತಾಯಿ ತನ್ನ ಮಗುವನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋ ಹಾಗಿಲ್ಲ. ಇನ್ನು ಗಾಡಿ ಓಡಿಸೋಕೇ ಆಗದವರಿಗೆ, ಅಂದ್ರೆ ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿದ್ದವರಿಗೆ, ಈ ಯೋಜನೆಯಿಂದ ಏನೂ ಸಿಗ್ತಿರಲಿಲ್ಲ.

3/8
1960ರ ದಶಕದಲ್ಲಿ ವಿಕಲಚೇತನರೇ ದನಿ ಎತ್ತಿದರು. 1965ರಲ್ಲಿ 'ಡಿಸೇಬಲ್‌ಮೆಂಟ್ ಇನ್‌ಕಮ್ ಗ್ರೂಪ್' ಕಟ್ಟಿದ್ದು ಇಬ್ಬರು ಗೃಹಿಣಿಯರು, ಮೆಗನ್ ಡು ಬೊಯಿಸನ್ ಮತ್ತು ಬೆರಿಟ್ ಮೂರ್. ಅವರು ಕೇಳಿದ್ದು ದಾನ ಅಲ್ಲ, ಹಕ್ಕಾಗಿ ಬರೋ ಆದಾಯ.

1974ರಲ್ಲಿ ಆಲ್ಫ್ ಮಾರಿಸ್ ಬ್ರಿಟನ್ನಿನ ಮೊದಲ ವಿಕಲಚೇತನರ ಮಂತ್ರಿಯಾದರು. 1976ರ ಜನವರಿಯಿಂದ 'ಮೊಬಿಲಿಟಿ ಅಲೋಯನ್ಸ್' ಬಂತು, ವಾರಕ್ಕೆ 5 ಪೌಂಡ್. ಗಾಡಿ ಬದಲು ದುಡ್ಡು. ಟ್ಯಾಕ್ಸಿಗೆ ಕೊಡಿ, ಪಕ್ಕದ ಮನೆಯವರ ಪೆಟ್ರೋಲ್‌ಗೆ ಕೊಡಿ, ನಿಮ್ಮಿಷ್ಟ. 1977ರಲ್ಲಿ 'ಮೋಟಬಿಲಿಟಿ' ಅನ್ನೋ ಸಂಸ್ಥೆ ಶುರುವಾಯ್ತು. ಭತ್ಯೆಯನ್ನ ಅಲ್ಲಿಗೆ ಕಟ್ಟಿದ್ರೆ ಬಾಡಿಗೆ ಲೆಕ್ಕದಲ್ಲಿ ಒಂದು ನಿಜವಾದ ಕಾರು, ಪಕ್ಕದ ಸೀಟೂ ಇರೋ ಕಾರು.

ನೀಲಿ ಗಾಡಿಗಳನ್ನ 2003ರ ಮಾರ್ಚ್‌ 31ಕ್ಕೆ ರಸ್ತೆಯಿಂದಲೇ ತೆಗೆದರು.

4/8
ದುಡ್ಡು ಅಂದಮೇಲೆ 'ಯಾರಿಗೆ?' ಅನ್ನೋ ಪ್ರಶ್ನೆ ಬರಲೇಬೇಕಲ್ಲ.

ಅಂದಿನ ನಿಯಮ: ನಡೆಯೋಕೆ ಆಗಬಾರದು, ಅಥವಾ 'ಬಹುತೇಕ' ಆಗಬಾರದು. 1992ರಲ್ಲಿ ಇದೇ ಭತ್ಯೆ 'ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್' ಒಳಗೆ ಸೇರಿದಾಗಲೂ ಆ ಮಾತು ಉಳೀತು. ಬಹುತೇಕ ಅಂದ್ರೆ ಎಷ್ಟು? ಕಾನೂನಲ್ಲಿ ಮೀಟರ್ ಲೆಕ್ಕ ಇರಲಿಲ್ಲ. ತೀವ್ರ ತೊಂದರೆ ಇಲ್ಲದೆ ಎಷ್ಟು ದೂರ, ಎಷ್ಟು ವೇಗ, ಎಷ್ಟು ಹೊತ್ತು, ಯಾವ ರೀತಿ ನಡೀತೀರಿ ಅಂತ ನಾಲ್ಕನ್ನೂ ನೋಡ್ಬೇಕಿತ್ತು. ಜಗಳ ಇತ್ತು, ಮೇಲ್ಮನವಿಗಳೂ ಇದ್ದವು. ಆದ್ರೆ ಒಬ್ಬ ಮನುಷ್ಯನ ನಡಿಗೆಯನ್ನ ಒಂದೇ ಸಂಖ್ಯೆಗೆ ಇಳಿಸಿರಲಿಲ್ಲ.

5/8
ಈಗ ಬಿಕಾಂ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಿ.

2010ರ ಜೂನ್ ಬಜೆಟ್. ಸರ್ಕಾರಕ್ಕೆ ಖರ್ಚು ಕಡಿಮೆ ಮಾಡ್ಬೇಕು. ದುಡಿಯೋ ವಯಸ್ಸಿನವರ ವಿಕಲಚೇತನ ಭತ್ಯೆಯ ಖರ್ಚು ಸುಮಾರು ಶೇ. 20ರಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕಿ, ಹೊಸ ಪರೀಕ್ಷೆ ತರ್ತೀವಿ ಅಂದ್ರು. 2012ರಲ್ಲಿ ಕಾನೂನು, 2013ರ ಏಪ್ರಿಲ್‌ನಿಂದ ಹೊಸ ಭತ್ಯೆ: 'ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್', ಚಿಕ್ಕದಾಗಿ ಪಿಪ್.

ಇದರಲ್ಲಿ ಅಂಕ ಕೊಡ್ತಾರೆ. 12 ಅಂಕ ಬಂದ್ರೆ ಪೂರ್ತಿ ಭತ್ಯೆ, 8 ಬಂದ್ರೆ ಕಡಿಮೆ ಭತ್ಯೆ. ಪೂರ್ತಿ ಅಂಕಕ್ಕೆ ಮೊದಲ ಕರಡುಗಳಲ್ಲಿ ಮಾತು 50 ಮೀಟರ್‌ನದ್ದಿತ್ತು. 2012ರ ಡಿಸೆಂಬರ್‌ನಲ್ಲಿ ಅಂತಿಮ ನಿಯಮ ಬಂದಾಗ ಅದು 20 ಆಗಿತ್ತು!

2013ರ ದರ ನೋಡಿ: ಪೂರ್ತಿ ಭತ್ಯೆ ವಾರಕ್ಕೆ 55.25 ಪೌಂಡ್, ಕಡಿಮೆದು 21 ಪೌಂಡ್. ವರ್ಷಕ್ಕೆ 1,781 ಪೌಂಡ್ ವ್ಯತ್ಯಾಸ. ಅದಕ್ಕಿಂತ ದೊಡ್ಡ ಹೊಡೆತ ಅಂದ್ರೆ, ಕಾರು ಸಿಗೋದು ಪೂರ್ತಿ ಭತ್ಯೆ ಇದ್ದವರಿಗೆ ಮಾತ್ರ. ಹಳೇ ಭತ್ಯೆಯಲ್ಲಿ ಕಾರು ಇಟ್ಕೊಂಡಿದ್ದವರು ಹೊಸ ಪರೀಕ್ಷೆಯಲ್ಲಿ 20 ದಾಟಿದ್ರೆ ಕೀ ವಾಪಸ್ ಕೊಡ್ಬೇಕು.

6/8
ಜನ ಸುಮ್ನೆ ಕೂರಲಿಲ್ಲ. 20 ಮೀಟರ್ ಬಗ್ಗೆ ನಮ್ಮನ್ನ ಕೇಳೇ ಇಲ್ಲ ಅಂತ ಕೋರ್ಟಿಗೆ ಹೋದ್ರು. ಸರ್ಕಾರ 2013ರಲ್ಲಿ ಮತ್ತೆ ಅಭಿಪ್ರಾಯ ಕೇಳ್ತು. ಬಂದ ಉತ್ತರಗಳಲ್ಲಿ ಬಹುಪಾಲು ವಿರೋಧ. ಆದ್ರೂ 20 ಅಲುಗಲಿಲ್ಲ. 2014ರಲ್ಲಿ ಹೈಕೋರ್ಟ್, 2015ರಲ್ಲಿ ಅಪೀಲು ಕೋರ್ಟ್, ಎರಡರಲ್ಲೂ ವಿಕಲಚೇತನರ ಕಡೆಯವರೇ ಸೋತರು.

ಆದ್ರೆ ಇನ್ನೊಂದು ಕಡೆ ಒಂದು ಗೆಲುವು ಸಿಕ್ಕಿತ್ತು. ಒತ್ತಾಯಕ್ಕೆ ಮಣಿದು ಸರ್ಕಾರ 2013ರ ಆರಂಭದಲ್ಲಿ ನಾಲ್ಕು ಮಾತುಗಳನ್ನ ನಿಯಮದ ಒಳಗೇ ಸೇರಿಸಿತ್ತು. 20 ಮೀಟರ್ ನಡೆದರೆ ಸಾಲದು. ಸುರಕ್ಷಿತವಾಗಿ ನಡೀಬೇಕು. ಒಪ್ಪುವಂಥ ರೀತಿಯಲ್ಲಿ ನಡೀಬೇಕು. ಅಗತ್ಯ ಬಿದ್ದಷ್ಟು ಸಲ ಮತ್ತೆ ಮತ್ತೆ ನಡೀಬೇಕು. ಬೇರೆಯವರಿಗೆ ಹಿಡಿಯೋ ಗರಿಷ್ಠ ಸಮಯದ ಎರಡು ಪಟ್ಟು ಮೀರದೆ ನಡೀಬೇಕು. ಇಷ್ಟಾದ್ರೆ ಮಾತ್ರ 'ನಡೆಯಬಲ್ಲ' ಅಂತ ಬರೀಬಹುದು.

ಇನ್ನೊಮ್ಮೆ ಓದಿ ನೋಡಿ. ಒಂದು ಸಲ ಪಿಚ್ ದಾಟಿ, ಆಮೇಲೆ ಒಂದು ಗಂಟೆ ಗೋಡೆ ಹಿಡ್ಕೊಂಡು ನಿಲ್ಲೋ ವ್ಯಕ್ತಿ ಈ ನಿಯಮದ ಪ್ರಕಾರ ಪಿಚ್ ದಾಟಿಲ್ಲ.

7/8
ಮೇಲ್ಮನವಿಗಳಲ್ಲಿ ಜನ ಹಿಡಿದ ಆಯುಧ ಇದೇ. ಮೊದಲು ಒಂದು ತಿಂಗಳೊಳಗೆ ಅದೇ ಇಲಾಖೆಗೆ 'ಮರುಪರಿಶೀಲನೆ ಮಾಡಿ' ಅಂತ ಬರೀಬೇಕು. ಅಲ್ಲೂ ಆಗಲ್ಲ ಅಂದ್ರೆ ಟ್ರಿಬ್ಯೂನಲ್. ಅಲ್ಲಿ ಒಬ್ಬ ನ್ಯಾಯಾಧೀಶರು, ಒಬ್ಬ ಡಾಕ್ಟರ್, ವಿಕಲಚೇತನರ ಬದುಕು ಗೊತ್ತಿರೋ ಇನ್ನೊಬ್ಬ ಸದಸ್ಯರು. ಶುಲ್ಕ ಇಲ್ಲ. ಅವರು ನೋಡೋದು ಪರೀಕ್ಷೆ ದಿನದ ನಡಿಗೆಯನ್ನಷ್ಟೇ ಅಲ್ಲ, ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಹೇಗಿರ್ತೀರಿ ಅನ್ನೋದನ್ನ. 2018ರ ಆಸುಪಾಸಿನ ವರ್ಷಗಳಲ್ಲಿ, ವಿಚಾರಣೆವರೆಗೂ ಹೋದ ಪಿಪ್ ಪ್ರಕರಣಗಳಲ್ಲಿ ಹತ್ತಕ್ಕೆ ಸುಮಾರು ಏಳು ಅರ್ಜಿದಾರರ ಪರ ಆದವು.

ಕಾಲು ಸರಿಯಿದ್ದೂ, ಮಾನಸಿಕ ಸಂಕಟದಿಂದ ಒಬ್ಬರೇ ಹೊರಗೆ ಹೋಗಲಾಗದವರ ಅಂಕವನ್ನ 2017ರ ಮಾರ್ಚ್‌ನಲ್ಲಿ ಸರ್ಕಾರ ಕತ್ತರಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಮಾಸ್ಟಿನ್, ಇದು ಕಣ್ಣಿಗೆ ರಾಚುವ ತಾರತಮ್ಯ ಅಂತ ಹೇಳಿ ಆ ನಿಯಮ ರದ್ದು ಮಾಡಿದರು. ಸರ್ಕಾರ ಮೇಲ್ಮನವಿಗೆ ಹೋಗಲಿಲ್ಲ. ಸುಮಾರು 16 ಲಕ್ಷ ಕಡತಗಳನ್ನ ಮತ್ತೆ ತೆರೆದು ನೋಡ್ತೀವಿ ಅಂತ 2018ರಲ್ಲಿ ಒಪ್ಪಿಕೊಂಡಿತು. ಇದು ಶುರುವಾಗಿದ್ದು ಒಬ್ಬ ಮಹಿಳೆ ಹಾಕಿದ ಕೇಸಿನಿಂದ!

8/8
ಈಗ ನಮ್ಮ ಮಾವ.

ಚಿಕ್ಕಂದಿನಲ್ಲೇ ಪೋಲಿಯೋ, ಬಲಗಾಲು ಸಣ್ಣ. ಟೈಲರ್ ಅಂಗಡಿ ಇಟ್ಕೊಂಡಿದ್ದಾರೆ. ಮೂರು ವರ್ಷದ ಹಿಂದೆ ಸರ್ಟಿಫಿಕೇಟ್‌ಗೆ ಅಂತ ಹೋದ್ರು. ನಮ್ಮಲ್ಲಿ ಮೀಟರ್ ಇಲ್ಲ, ಪರ್ಸೆಂಟ್ ಇದೆ. ಸರ್ಕಾರಿ ಕೆಲಸದ ಮೀಸಲಾತಿಗೆ, ಇನ್ನೂ ಎಷ್ಟೋ ಸೌಲಭ್ಯಕ್ಕೆ ಕನಿಷ್ಠ 40 ಬೇಕು. ಮಾವನಿಗೆ ಬಂದಿದ್ದು ಅದಕ್ಕಿಂತ ಕಡಿಮೆ.

ಏನಾಯ್ತು ಮಾವ ಅಂದ್ರೆ, "ಡಾಕ್ಟ್ರ ಮುಂದೆ ಕುಂಟೋದಾ? ನೆಟ್ಟಗೆ ನಡೆದೆ ಕಣೋ. ನೋವಿದ್ಯಾ ಅಂದ್ರು, ಏನಿಲ್ಲ ಸಾರ್ ಅಂದೆ" ಅಂದ್ರು. ಆಮೇಲೆ ಎರಡು ದಿನ ಅಂಗಡಿ ತೆಗೀಲಿಲ್ಲ, ಅತ್ತೆ ಬಿಸಿನೀರಿನ ಶಾಖ ಕೊಡ್ತಾ ಕೂತಿದ್ರು. ಆ ಎರಡು ದಿನ ಯಾವ ಫಾರಂನಲ್ಲೂ ಬರಲಿಲ್ಲ.

ನಮಗ್ಯಾರಿಗೂ ಗೊತ್ತಿರಲಿಲ್ಲ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ತೀರ್ಮಾನದ ವಿರುದ್ಧ ಮೇಲ್ಮನವಿ ಹಾಕಬಹುದು. ಕಾನೂನು ಇತ್ತು. ಹೇಳೋರು ಇರಲಿಲ್ಲ.

ಹೋದ ವಾರ ಮಾವನ ಜೊತೆ ಕೂತು ಪಟ್ಟಿ ಮಾಡಿದೆ. ಮೆಷಿನ್ ಪೆಡಲ್ ಎಷ್ಟು ಹೊತ್ತು ತುಳೀತಾರೆ, ಬಸ್ ಸ್ಟ್ಯಾಂಡ್‌ವರೆಗೆ ಹೋಗೋಕೆ ಎಷ್ಟು ಸಲ ಕೂರ್ತಾರೆ, ಎಷ್ಟು ಸಲ ಬಿದ್ದಿದ್ದಾರೆ. ಹೇಳೋಕೆ ಅವರಿಗೆ ನಾಚಿಕೆ. ಬರೆಯೋಕೆ ನನಗೆ ಕಷ್ಟ. ಮೇಲ್ಮನವಿ ಅರ್ಜಿ ರೆಡಿಯಾಗ್ತಿದೆ. ಗೆಲ್ತಾರೋ ಇಲ್ವೋ ಗೊತ್ತಿಲ್ಲ, ಆದ್ರೆ ಈ ಸಲ 'ಏನಿಲ್ಲ ಸಾರ್' ಅನ್ನಲ್ಲ ಅಂತ ಮಾತು ಕೊಟ್ಟಿದ್ದಾರೆ.

ನಿಮ್ಮ ಮನೇಲಿ, ಬೀದೀಲಿ ಇಂಥ ಒಬ್ಬರು ಇದ್ದೇ ಇರ್ತಾರೆ. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ, ಅವರಿಗೆ ಓದಿ ಹೇಳಿ.

#ಇತಿಹಾಸದಕಥೆ #ವಿಕಲಚೇತನರಹಕ್ಕು #ಮೇಲ್ಮನವಿ #ಕನ್ನಡ