408 ಮತ್ತು 409

ಎಡ್ಡಿ ರಾಬಿನ್ಸನ್ 1941ರಲ್ಲಿ ಗ್ರ್ಯಾಂಬ್ಲಿಂಗ್‌ಗೆ ಫುಟ್‌ಬಾಲ್ ಕೋಚ್ ಆಗಿ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅದಕ್ಕೆ ಮುಂಚೆ ಗಂಟೆಗೆ 25 ಸೆಂಟ್ ಕೂಲಿಗೆ ಪಶು ಆಹಾರದ ಗಿರಣಿಯಲ್ಲಿ ದುಡಿಯುತ್ತಿದ್ದರು. ಗ್ರ್ಯಾಂಬ್ಲಿಂಗ್ ಎಂದರೆ ಅಮೆರಿಕದ ಲೂಯಿಸಿಯಾನಾದಲ್ಲಿ ಕಪ್ಪು ಜನರಿಗಾಗಿ ಇದ್ದ ಸಣ್ಣ ಕಾಲೇಜು. ಫುಟ್‌ಬಾಲ್ ಎಂದರೂ ನಾವು ಕಾಲಿನಲ್ಲಿ ಆಡುವುದಲ್ಲ. ಹೆಲ್ಮೆಟ್ ತೊಟ್ಟು, ಉದ್ದುದ್ದನೆಯ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರ ಆಟ. ವರ್ಷಕ್ಕೆ ಹತ್ತು–ಹನ್ನೆರಡು ಪಂದ್ಯವಷ್ಟೇ. ಹಾಗಾಗಿ ಅಲ್ಲಿ ನಾನೂರು ಗೆಲುವು ಎಂದರೆ ಒಂದು ಆಯುಷ್ಯ.

ಮೊದಲ ವರ್ಷ 3 ಗೆಲುವು, 5 ಸೋಲು. ಮರುವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು. ಎದುರಾಳಿಗಳಿಗೆ ಒಂದು ಪಾಯಿಂಟೂ ದಕ್ಕಲಿಲ್ಲ. ಅದೇ ಕಾಲೇಜಿನಿಂದ 1997ರಲ್ಲಿ ನಿವೃತ್ತರಾದಾಗ ಲೆಕ್ಕ ಹೀಗಿತ್ತು: 408 ಗೆಲುವು, 165 ಸೋಲು, 15 ಸಮ.

ಯಾರ ಎದುರು ಆಡಲು ಬಿಟ್ಟಿರಲಿಲ್ಲ ಎಂಬುದು ಈ ಲೆಕ್ಕದಲ್ಲಿಲ್ಲ. ದಕ್ಷಿಣದ ದೊಡ್ಡ ಬಿಳಿಯ ವಿಶ್ವವಿದ್ಯಾಲಯಗಳು ದಶಕಗಳ ಕಾಲ ಕಪ್ಪು ಕಾಲೇಜುಗಳ ಜೊತೆ ಮೈದಾನಕ್ಕೇ ಇಳಿಯಲಿಲ್ಲ. ಬೇರ್ ಬ್ರಯಂಟ್ ಅವರ ಅಲಬಾಮಾ ತಂಡ ಕಪ್ಪು ಆಟಗಾರನೊಬ್ಬನಿಗೆ ಮೊದಲ ಬಾರಿ ಸ್ಕಾಲರ್‌ಶಿಪ್ ಕೊಟ್ಟದ್ದು 1970ರ ಹೊತ್ತಿಗೆ. ಆ ಬ್ರಯಂಟ್ ಅವರ 323 ಗೆಲುವುಗಳ ದಾಖಲೆಯನ್ನು ರಾಬಿನ್ಸನ್ 1985ರ ಅಕ್ಟೋಬರಿನಲ್ಲಿ ಮುರಿದಾಗ, ಗೆದ್ದದ್ದು ಸಣ್ಣ ತಂಡಗಳ ಮೇಲಲ್ಲವೇ ಎಂಬ ಕೊಂಕು ಕೇಳಿಬಂತು. ಬಾಗಿಲು ಹಾಕಿಕೊಂಡವರೇ ಒಳಗೆ ಯಾಕೆ ಬರಲಿಲ್ಲ ಎಂದು ಕೇಳಿದ ಹಾಗಿದೆ ಇದು. ಅವರ ಕೈಯಲ್ಲಿ ಪಳಗಿದ ಇನ್ನೂರಕ್ಕೂ ಹೆಚ್ಚು ಹುಡುಗರು ವೃತ್ತಿಪರ ಲೀಗ್ ಸೇರಿದರು. ಅವರಲ್ಲಿ ಡಗ್ ವಿಲಿಯಮ್ಸ್, 1988ರಲ್ಲಿ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್.

ರಾಬಿನ್ಸನ್ 2007ರಲ್ಲಿ ತೀರಿಕೊಂಡರು. 2011ರ ಅಕ್ಟೋಬರ್ 29ರಂದು ಪೆನ್ ಸ್ಟೇಟ್‌ನ ಜೋ ಪಟರ್ನೊ 409ನೆಯ ಪಂದ್ಯ ಗೆದ್ದು ಅವರನ್ನು ದಾಟಿದರು. ವಾರ ಕಳೆಯುವಷ್ಟರಲ್ಲಿ ಪಟರ್ನೊ ಅವರ ಹಳೆಯ ಸಹಾಯಕ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಬಂಧಿತನಾದ. ದೂರು ಕಿವಿಗೆ ಬಿದ್ದಾಗ ಮಾಡಬೇಕಾದಷ್ಟು ಮಾಡಲಿಲ್ಲವೆಂದು ಪಟರ್ನೊ ಕೆಲಸ ಕಳೆದುಕೊಂಡರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಜುಲೈನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ, 1998ರಿಂದ ಈಚಿನ ಅವರ 111 ಗೆಲುವುಗಳನ್ನು ಲೆಕ್ಕದಿಂದ ತೆಗೆಯಿತು. 409 ಹೋಗಿ 298 ಆಯಿತು. ತಾನು ಸತ್ತು ಐದು ವರ್ಷದ ಮೇಲೆ, ಒಂದು ಪಂದ್ಯವನ್ನೂ ಆಡಿಸದೆ, ರಾಬಿನ್ಸನ್ ಮೊದಲ ವಿಭಾಗದ ಪಟ್ಟಿಯ ತುದಿಗೆ ಮರಳಿದರು.

ಈ ಕ್ರಮಕ್ಕೆ ಅಲ್ಲಿ ಬಳಸುವ ಪದ ‘ವೆಕೇಟ್’, ಬಾಡಿಗೆ ಮನೆ ಖಾಲಿ ಮಾಡಿ ಎನ್ನುವಾಗ ನಾವೂ ಬಳಸುವ ಪದವೇ. ಗೆಲುವು ಖಾಲಿಯಾಗುತ್ತದೆ, ಆದರೆ ಎದುರಾಳಿ ಅಲ್ಲಿಗೆ ಬಂದು ಸೇರುವುದಿಲ್ಲ. ಅವನ ಸೋಲು ಸೋಲಾಗಿಯೇ ಉಳಿಯುತ್ತದೆ. ಎರಡೂವರೆ ವರ್ಷ ಅವು ಒಬ್ಬರು ಸೋತ, ಯಾರೂ ಗೆಲ್ಲದ ಪಂದ್ಯಗಳಾಗಿದ್ದವು.

2015ರ ಜನವರಿಯಲ್ಲಿ, ಕೋರ್ಟಿನಲ್ಲಿದ್ದ ವ್ಯಾಜ್ಯವೊಂದು ರಾಜಿಯಾದಾಗ, 111 ಗೆಲುವುಗಳೂ ವಾಪಸ್ ಬಂದವು. ಸ್ಯಾಂಡಸ್ಕಿ ಆಗಲೇ 45 ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ ಜೈಲಿನಲ್ಲಿದ್ದ. ಪಟ್ಟಿಯಲ್ಲಿ ಪಟರ್ನೊ ಮತ್ತೆ 409, ರಾಬಿನ್ಸನ್ ಅದರ ಕೆಳಗೆ 408.